ಷಡ್ಡಕನನ್ನು ಕಂಡರೆ ಕೆಂಪಾಗುವ ಯಂತ್ರ

ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಮೈಕಿನ ಗುಂಡಿ ಒತ್ತಿ, ಯಾವ ಬಸ್ಸು ಯಾವ ಪ್ಲಾಟ್‌ಫಾರಂನಿಂದ ಹೊರಡುತ್ತದೆಂದು ಸಾರುವುದು ನಮ್ಮ ಅನೌನ್ಸರನ ಕೆಲಸ. ಅವನ ದನಿಯಲ್ಲಿ ಎಂಥ ಗಾಂಭೀರ್ಯವಿತ್ತೆಂದರೆ, ಒಮ್ಮೆ ಬಾಯಿತಪ್ಪಿ ಇಲ್ಲದ ಪ್ಲಾಟ್‌ಫಾರಂ ಒಂದರ ಸಂಖ್ಯೆ ಹೇಳಿಬಿಟ್ಟಾಗ ಇಡೀ ಬಸ್ಸಿನ ಜನ ಗಂಟುಮೂಟೆ ಹೊತ್ತು ಶೌಚಾಲಯದ ಗೋಡೆಯ ಮುಂದೆ ಸಾಲಾಗಿ ನಿಂತಿದ್ದರು. ಬಸ್ಸು ಖಾಲಿ ಹೋಯಿತು. ಜನ ಡ್ರೈವರನನ್ನು ಬೈದರೇ ಹೊರತು ದನಿಯನ್ನು ಯಾರೂ ಅನುಮಾನಿಸಲಿಲ್ಲ.

ಇಂಥ ಮನುಷ್ಯನಿಗೆ ಅತ್ತೆಯ ಮನೆಯಲ್ಲಿ ಮಾತ್ರ ಬಾಯಿ ತೆರೆಯಲು ಸಂದು ಸಿಗುತ್ತಿರಲಿಲ್ಲ. ಅಲ್ಲಿ ಮಾತೆಲ್ಲ ಷಡ್ಡಕನದು. ಹೆಂಡತಿಯ ಅಕ್ಕನ ಗಂಡನಾದ ಈ ಷಡ್ಡಕ ಹಾಸಿಗೆ ಕಂಪನಿಯೊಂದರಲ್ಲಿ ಮಾರಾಟದ ಮ್ಯಾನೇಜರು. ಎದುರಿಗಿದ್ದವರನ್ನು ಮಲಗಿಸುವುದು ಅವನ ವೃತ್ತಿಯೂ ಹೌದು, ಹವ್ಯಾಸವೂ ಹೌದು.

ಅತ್ತೆಯ ಹುಟ್ಟುಹಬ್ಬದ ಊಟಕ್ಕೆ ಎಲ್ಲರೂ ಸೇರಿದ್ದ ದಿನ ಷಡ್ಡಕ ಕೈ ತೊಳೆಯುವ ಮೊದಲೇ ಶುರುಮಾಡಿದ. "ಇನ್ನೇನು ಸ್ವಲ್ಪ ದಿನಕ್ಕೆ ಎರಡು ಹೊಸ ಗೇಮ್ ಕನ್ಸೋಲ್ ಬರ್ತಾ ಇವೆ ಅತ್ತೆ. ಒಂದು ಕರೀದು, ಒಂದು ಬಿಳೀದು. ಪ್ರಪಂಚವೇ ಎರಡು ಪಂಗಡ ಆಗ್ಹೋಗಿದೆ. ನಾನು ಕರೀದನ್ನ ಬುಕ್ ಮಾಡ್ಬಿಟ್ಟೆ."

"ಕನ್ಸೋಲ್ ಅಂದ್ರೆ?"

"ಟೀವಿಗೆ ಸಿಕ್ಕಿಸಿ ವಿಡಿಯೋ ಗೇಮ್ ಆಡೋ ಪೆಟ್ಟಿಗೆ. ಕರೀದರ ಡಿಸೈನ್ ನೋಡ್ಬೇಕು ನೀವು. ಚಪ್ಪಟೆಯಾಗಿ, ಒಳ್ಳೆ ಹಾಸಿಗೆ ಮಲಗಿದ ಹಾಗೆ ಮಲಗಿರುತ್ತೆ."

"ದೊಡ್ಡಳಿಯಂದಿರು ಎಷ್ಟೆಲ್ಲ ತಿಳ್ಕೊಂಡಿದಾರೆ ನೋಡಿ," ಎಂದರು ಅತ್ತೆ, ಚಿಕ್ಕಳಿಯನ ಕಡೆ ತಿರುಗಿ.

ಚಿಕ್ಕಳಿಯನಿಗೆ ಎಲ್ಲಿ ಉರಿಯಬೇಕೋ ಅಲ್ಲಿ ಉರಿಯಿತು. ಹಾಗೆ ನೋಡಿದರೆ ಅವನಿಗೂ ಈ ವಿಷಯ ಒಂದಿಷ್ಟು ತಿಳಿದಿತ್ತು. ಅವನ ಗೂಡಿನ ಕೆಳಗಿನ ಬೆಂಚಿನಲ್ಲಿ ಇಬ್ಬರು ಕಾಲೇಜು ಹುಡುಗರು ದಿನವೂ ಬಸ್ಸಿಗೆ ಕಾಯುತ್ತ ಈ ಎರಡು ಕನ್ಸೋಲುಗಳ ಬಗ್ಗೆಯೇ ಕಿತ್ತಾಡುತ್ತಿದ್ದರು. ಅವರ ಮಾತಿನ ನಡುನಡುವೆ ಬಸ್ಸುಗಳು ಹೊರಡುತ್ತಿದ್ದುದರಿಂದ ನಮ್ಮವನ ಜ್ಞಾನದಲ್ಲಿ ಅಲ್ಲಲ್ಲಿ ಖಾಲಿ ಸೀಟುಗಳಿದ್ದವು, ಅಷ್ಟೆ.

"ಕರೀದು ಬಿಸಿ ಆಗುತ್ತೆ," ಎಂದ.

ಷಡ್ಡಕ ನಕ್ಕ. "ಯಾರಪ್ಪಾ ನಿನಗೆ ಹೇಳಿದ್ದು?"

ಇಲ್ಲಿ ನಮ್ಮ ಅನೌನ್ಸರ್ "ಯಾರೋ ಹೇಳಿದ್ರು ಭಾವ" ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವನ ಗಂಟಲಿನಿಂದ ಹೊರಟದ್ದು ನಿಲ್ದಾಣದ ದನಿ. "ಹೇಳೋದೇನು ಬಂತು? ಬಿಳೀದು ನಮ್ಮನೇಲೇ ಇದೆಯಲ್ಲ."

"ಅದಿನ್ನೂ ಮಾರ್ಕೆಟ್ಟಿಗೇ ಬಂದಿಲ್ಲ!"

"ಮಾರ್ಕೆಟ್ಟಿಗೆ ಬಿಡೋಕೆ ಮೊದಲು ಪರೀಕ್ಷೆ ಮಾಡೋಕೆ ಕೊಟ್ಟಿದಾರೆ. ಸಾಮಾನ್ಯ ಮನುಷ್ಯನ ಅಭಿಪ್ರಾಯ ಬೇಕಂತೆ."

"ಅದೂ ನಿಜವೇ," ಎಂದರು ಅತ್ತೆ. "ಇವರಷ್ಟು ಸಾಮಾನ್ಯರು ಸಿಗೋದು ಕಷ್ಟ."

ಷಡ್ಡಕ ಬಿಡಲಿಲ್ಲ, ನೇರವಾಗಿ ನಮ್ಮವನ ಹೆಂಡತಿಯನ್ನೇ ಕೇಳಿದ. "ಏನಮ್ಮಾ, ನಿಜವಾಗ್ಲೂ ಇದೆಯಾ?"

ಹೆಂಡತಿ ಗಂಡನ ಮುಖ ನೋಡಿದಳು. ಆಮೇಲೆ ಭಾವನ ಮುಖ ನೋಡಿದಳು. ಮದುವೆಯಾದ ದಿನದಿಂದ ಈ ಭಾವನ ಜಂಬ ಕೇಳಿ ಕೇಳಿ ಅವಳ ಕಿವಿ ತೂತಾಗಿತ್ತು. "ಇಲ್ಲದೆ ಏನು ಭಾವ? ಧೂಳು ಒರೆಸಿ ಒರೆಸಿ ನನಗೆ ಸಾಕಾಗಿದೆ," ಎಂದಳು.

"ಹಾಗಾದ್ರೆ ಬರೋ ಭಾನುವಾರ ಎಲ್ಲರೂ ನಿಮ್ಮನೇಗೇ ಬರ್ತೀವಿ," ಎಂದ ಷಡ್ಡಕ.

ಮನೆಗೆ ಮರಳುವ ದಾರಿಯಲ್ಲಿ ಗಂಡಹೆಂಡತಿ ಎರಡು ಬೀದಿ ದಾಟಿದರು. ಮೂರನೇ ಬೀದಿಯ ತಿರುವಿನಲ್ಲಿ ಅವಳು ನಿಂತಳು. "ರೀ, ನಾನು ದಿನಾ ಒರೆಸ್ತಾ ಇರೋ ಆ ವಸ್ತು ನೋಡೋಕೆ ಹೇಗಿರುತ್ತೆ?"

ಮೊಬೈಲಿನಲ್ಲಿ ಫೋಟೋ ಹುಡುಕಿದರು. ಬಿಳಿಯ ಕನ್ಸೋಲು ಎತ್ತರಕ್ಕೆ, ನೆಟ್ಟಗೆ ನಿಂತಿತ್ತು. ಮೇಲೆ ಜಾಲರಿ, ಮುಂದೆ ಒಂದು ನೀಲಿ ದೀಪ.

"ಅಯ್ಯೋ, ಇದನ್ನ ನಾನು ನೋಡಿದೀನ್ರೀ!" ಎಂದಳು ಹೆಂಡತಿ. "ಮೇಲಿನ ಮನೆ ಹೆಡ್‌ಮೇಡಂ ಹತ್ರ ಇದೆ."

ಮೇಲಿನ ಮನೆಯ ನಿವೃತ್ತ ಹೆಡ್‌ಮೇಡಂ ಹತ್ತಿರ ಇದ್ದದ್ದು ಗಾಳಿ ಶುದ್ಧ ಮಾಡುವ ಯಂತ್ರ. ಅವರ ಬೆಕ್ಕಿಗೆ ಧೂಳು ಆಗದು, ಸೀನುತ್ತದೆ ಎಂದು ಪಶುವೈದ್ಯರು ಇಡಿಸಿದ್ದು. ಮೇಡಂ ಕೊಡಲು ಒಪ್ಪಿದರು, ಆದರೆ ಶಾಲೆ ನಡೆಸಿದವರ ಒಪ್ಪಿಗೆ ಹೇಗಿರುತ್ತದೋ ಹಾಗೆ. "ಭಾನುವಾರ ಸಂಜೆ ಒಳಗೆ ವಾಪಸ್ ಬರ್ಬೇಕು. ಯಂತ್ರ ಎಲ್ಲಿರುತ್ತೋ ಬೆಕ್ಕೂ ಅಲ್ಲೇ ಇರ್ಬೇಕು. ಯಾಕೆ, ನಿಮ್ಮನೇಲಿ ಯಾರಾದ್ರೂ ಸೀನ್ತಾ ಇದಾರಾ?"

"ಇನ್ನೂ ಇಲ್ಲ ಮೇಡಂ," ಎಂದ ಅನೌನ್ಸರ್.

ಅಷ್ಟರಲ್ಲಿ ಸುದ್ದಿ ಹೊರಟುಬಿಟ್ಟಿತ್ತು. ಅತ್ತೆಯಿಂದ ಪಕ್ಕದ ಮನೆಗೆ, ಅಲ್ಲಿಂದ ಕ್ಷೌರದಂಗಡಿಗೆ, ಅಲ್ಲಿ ಗಡ್ಡ ಬೋಳಿಸಿಕೊಳ್ಳುತ್ತಿದ್ದ ಕಂಡಕ್ಟರನಿಗೆ. ಒಮ್ಮೆ ಕಂಡಕ್ಟರನ ಕಿವಿಗೆ ಬಿದ್ದ ಸುದ್ದಿ ಎಲ್ಲ ಸ್ಟಾಪುಗಳಲ್ಲೂ ಇಳಿಯುತ್ತದೆ. ಶುಕ್ರವಾರ ಡಿಪೋ ಮ್ಯಾನೇಜರು ಅನೌನ್ಸರನನ್ನು ಕರೆಸಿ, ಬಾಗಿಲು ಹಾಕಿ, ಚಿಲಕ ಜಗ್ಗಿ ನೋಡಿ, ಕಿಟಕಿಯ ಪರದೆ ಎಳೆದರು. ಶೌಚಾಲಯದ ಗೋಡೆಯ ವಿಚಾರಣೆ ಕೊನೆಗೂ ಬಂತು ಎಂದುಕೊಂಡ ನಮ್ಮವನು.

ಮ್ಯಾನೇಜರು ಮೇಜಿನ ಮೇಲೆ ಬಾಗಿ ಪಿಸುಗುಟ್ಟಿದರು. "ಬಿಳೀದಾ? ಕರೀದಾ?"

"ಸಾರ್?"

"ಯಾವುದನ್ನ ಬುಕ್ ಮಾಡ್ಲಿ? ನಿದ್ದೆ ಇಲ್ಲ ಕಣ್ರೀ ನನಗೆ. ಈ ವಯಸ್ಸಲ್ಲಿ ಮನೇಲಿ ಕೇಳಿದ್ರೆ ನಗ್ತಾರೆ. ಮೊದಲು ಹೇಳಿ, ತಂಪು ಮಾಡೋ ವ್ಯವಸ್ಥೆ ಹೇಗಿದೆ?"

ಅನೌನ್ಸರನಿಗೆ ಗೊತ್ತಿದ್ದದ್ದು ಹುಡುಗರ ಅರ್ಧ ಮಾತು ಮತ್ತು ಪೂರ್ತಿ ಬಸ್ಸು. "ಸಾರ್, ಕರೀದು ನಮ್ಮ ಹಳೇ ಬಸ್ಸಿನ ಹಾಗೆ. ಎಂಜಿನ್ ಮುಂದೆ. ಪಕ್ಕ ಕೂತವರ ಕಾಲು ಬೇಯುತ್ತೆ. ಬಿಳೀದು ಹಿಂದೆ ಎಂಜಿನ್ ಇರೋ ಹೊಸ ಬಸ್ಸು. ಬಿಸಿ ಎಲ್ಲ ಹಿಂದಿನಿಂದ ಹೊರಗೆ."

"ಆಹಾ! ಹಳೇ ಗೇಮುಗಳು ಹೊಸದರಲ್ಲಿ ನಡೆಯುತ್ತವಾ?"

"ಬಿಳೀದರಲ್ಲಿ ಹಳೇ ಪಾಸ್ ತೋರಿಸಿದ್ರೂ ಹತ್ತಿಸ್ಕೋತಾರೆ ಸಾರ್. ಕರೀದರಲ್ಲಿ ಕೆಲವರನ್ನ ಇಳಿಸ್ತಾರೆ."

"ಆನ್‌ಲೈನ್ ಸೇವೆ?"

"ಎರಡರಲ್ಲೂ ತಿಂಗಳ ಪಾಸು. ಪಾಸ್ ಇರೋವರೆಗೆ ಯಾವ ರೂಟಿಗೆ ಬೇಕಾದ್ರೂ ಹೋಗಿ. ಮುಗಿದ ದಿನ ಎಲ್ಲಿದೀರೋ ಅಲ್ಲೇ ಇಳೀಬೇಕು. ಇಷ್ಟು ದಿನ ಕೂತಿದ್ದೆ, ಈ ಸೀಟು ನಂದು ಅನ್ನೋ ಹಾಗಿಲ್ಲ."

"ಅರ್ಧಕ್ಕೆ ಬಿಟ್ಟ ಆಟ ಕಳೆದುಹೋಗಲ್ವಾ?"

"ಲಗೇಜ್ ರೂಮಲ್ಲಿ ಇಟ್ಟಿರ್ತಾರೆ ಸಾರ್. ಬೇರೆ ಊರಲ್ಲಿ ಬೇರೆ ಯಂತ್ರದಲ್ಲೂ ಬಿಡಿಸ್ಕೋಬಹುದು."

ಮ್ಯಾನೇಜರ ಕಣ್ಣು ತುಂಬಿ ಬಂತು. "ತಿಂಗಳುಗಟ್ಟಲೆ ವಿಡಿಯೋ ನೋಡಿದೀನಿ. ಒಬ್ಬನೂ ಹೀಗೆ ಬಿಡಿಸಿ ಹೇಳಿರ್ಲಿಲ್ಲ ಕಣ್ರೀ. ಭಾನುವಾರ ನಾನೂ ಬರ್ತೀನಿ."

ಭಾನುವಾರ ಬಂದೇಬಿಟ್ಟಿತು. ಯಂತ್ರವನ್ನು ಟೀವಿಯ ಪಕ್ಕ ನಿಲ್ಲಿಸಿ, ಕಂಪನಿಯ ಹೆಸರಿದ್ದ ಕಡೆಯನ್ನು ಗೋಡೆಗೆ ತಿರುಗಿಸಿದ್ದರು. ಬೆಕ್ಕು ಅದರ ಮುಂದೆ ಮಲಗಿತ್ತು. ಮೊದಲು ಬಂದದ್ದು ಮ್ಯಾನೇಜರು. ಬಂದವರೇ ಚಪ್ಪಲಿ ಕಳಚಿ, ಯಂತ್ರದ ಮುಂದೆ ಕೈಕಟ್ಟಿ ನಿಂತರು. ಆಮೇಲೆ ಅತ್ತೆ, ಹೆಂಡತಿಯ ಅಕ್ಕ, ಕೊನೆಗೆ ಷಡ್ಡಕ.

"ಕರೀದನ್ನ ಬುಕ್ ಮಾಡಿದವನು ನಾನು. ಆಟ ಹಾಕು, ನೋಡೋಣ," ಎಂದ ಷಡ್ಡಕ ಬಾಗಿಲಲ್ಲೇ.

ಈ ಮಾತಿಗೆ ಗಂಡಹೆಂಡತಿ ವಾರವೆಲ್ಲ ತಯಾರಿ ನಡೆಸಿದ್ದರು. ಅನೌನ್ಸರ್ ಗಂಟಲು ಸರಿಮಾಡಿಕೊಂಡ. "ದಯವಿಟ್ಟು ಗಮನಿಸಿ. ಆನ್‌ಲೈನ್ ಸೇವೆ ಬಿಡುಗಡೆಯ ದಿನವೇ ಶುರುವಾಗೋದು. ಅಲ್ಲಿಯವರೆಗೆ ಯಂತ್ರವನ್ನು ಮಾತ್ರ ನೋಡಬಹುದು. ಆಗಿರುವ ತೊಂದರೆಗೆ ವಿಷಾದಿಸುತ್ತೇವೆ."

"ಪಾಪ, ಅವರೇನು ಮಾಡ್ತಾರೆ," ಎಂದರು ಅತ್ತೆ. ಯಾರು ಎಂದು ಕೇಳಬಾರದು.

ಷಡ್ಡಕ ಮೊಬೈಲಿನ ಫೋಟೋ ತೆಗೆದು ಯಂತ್ರದ ಪಕ್ಕ ಹಿಡಿದ. "ಇದರಲ್ಲಿ ಜಾಲರಿ ಮೇಲೆ ಮಾತ್ರ. ನಿಮ್ಮದರಲ್ಲಿ ಸುತ್ತಲೂ ಇದೆ!"

"ಸುಧಾರಣೆ," ಎಂದ ಅನೌನ್ಸರ್.

"ಈ ಗುಂಡಿ ಮೇಲೆ ಸ್ಲೀಪ್ ಅಂತ ಇದೆ. ಇನ್ನೊಂದು ಟರ್ಬೋ."

"ಅದೇ ಅದೇ!" ಎಂದರು ಮ್ಯಾನೇಜರು ಪುಳಕಗೊಂಡು. "ವಿಡಿಯೋದಲ್ಲೂ ಸ್ಲೀಪ್ ಮೋಡ್ ಅಂದಿದ್ರು!"

ಷಡ್ಡಕನ ಮುಖ ಸಪ್ಪಗಾಯಿತು. ಸೋಲೊಪ್ಪದೆ ಅವನು ಯಂತ್ರದ ಮೇಲೆಯೇ ಬಾಗಿದ. ಇಲ್ಲಿ ಓದುಗರಿಗೆ ಒಂದು ವಿಷಯ ತಿಳಿಸಬೇಕು. ಷಡ್ಡಕ ಹೊರಗೆ ಹೊರಡುವಾಗ ಸೆಂಟನ್ನು ಹಾಕಿಕೊಳ್ಳುತ್ತಿರಲಿಲ್ಲ, ಅದರಲ್ಲಿ ಸ್ನಾನ ಮಾಡುತ್ತಿದ್ದ. ಗಾಳಿ ಶುದ್ಧ ಮಾಡುವ ಯಂತ್ರಕ್ಕಾದರೋ ಇಂಥ ಗಾಳಿ ಹತ್ತಿರ ಬಂದರೆ ನೀಲಿ ದೀಪ ಕೆಂಪಾಗಿ, ಒಳಗಿನ ಫ್ಯಾನು ಪೂರ್ತಿ ವೇಗದಲ್ಲಿ ತಿರುಗಬೇಕೆಂದು ಅಪ್ಪಣೆ.

ಯಂತ್ರ ಕೆಂಪಗೆ ಕಣ್ಣು ಬಿಟ್ಟು ಗರ್ಜಿಸಿತು. ಬೆಕ್ಕು ಎದ್ದು ಓಡಿತು. ಷಡ್ಡಕ ಹಿಂದಕ್ಕೆ ಹಾರಿ ಹೆಂಡತಿಯ ಕಾಲು ತುಳಿದ. ಅವನು ಹಿಂದೆ ಸರಿದು ಸ್ವಲ್ಪ ಹೊತ್ತಾದ ಮೇಲೆ ಯಂತ್ರ ಮತ್ತೆ ನೀಲಿಯಾಗಿ ಸುಮ್ಮನಾಯಿತು.

ಅನೌನ್ಸರನಿಗೂ ಏನಾಯಿತೆಂದು ತಿಳಿಯಲಿಲ್ಲ.

"ಎದುರಾಳಿನ ಗುರುತಿಸ್ತು!" ಎಂದು ಮ್ಯಾನೇಜರು ಕೂಗಿದರು. "ನೋಡಿದ್ರಾ? ಕರೀದನ್ನ ಬುಕ್ ಮಾಡಿರೋರನ್ನ ಗುರುತಿಸ್ತು!"

"ಎಲ್ಲಿ, ನಾನೊಂದ್ಸಲ ಹೋಗ್ತೀನಿ," ಎಂದು ಅತ್ತೆ ಎದ್ದರು. ಹೋದರು, ನಿಂತರು, ಕೈಯಿಂದ ತಟ್ಟಿದರು. ನೀಲಿ. "ನನ್ನ ಕಂಡ್ರೆ ಸುಮ್ಮನಿರುತ್ತೆ ಕಣೇ!" ಎಂದು ಮಗಳಿಗೆ ಹೇಳುವಾಗ ಅವರ ಮುಖದಲ್ಲಿದ್ದ ಕಳೆ ಹುಟ್ಟುಹಬ್ಬದ ದಿನವೂ ಇರಲಿಲ್ಲ. ದೊಡ್ಡ ಮಗಳು ಹೋದಳು, ನೀಲಿ. ಮ್ಯಾನೇಜರು ಕೂದಲು ಸವರಿಕೊಂಡು ಹೋದರು, ನಸುಗೆಂಪು. ಅವರು ಮೆಟ್ಟಿಲ ಕೆಳಗೆ ಸಿಗರೇಟು ಸೇದಿ ಬಂದಿದ್ದರು. "ನನ್ನ ಮೇಲೆ ಅದಕ್ಕಿನ್ನೂ ಪೂರ್ತಿ ನಂಬಿಕೆ ಬಂದಿಲ್ಲ," ಎಂದು ಒಪ್ಪಿಕೊಂಡರು.

ಅಲ್ಲಿಂದ ಶುರುವಾಯಿತು ನೋಡಿ ಆಟ. ಯಾರು ಎಷ್ಟು ಹತ್ತಿರ ಹೋಗಬಲ್ಲರು, ಯಾರು ಎಷ್ಟು ಹೊತ್ತು ನಿಲ್ಲಬಲ್ಲರು. ಅತ್ತೆ ಗೆದ್ದರು, ಮತ್ತೆ ಗೆದ್ದರು. ಷಡ್ಡಕ ಮೂಲೆಯಿಂದ ತೆವಳಿ ಹೋದ, ಕೆಂಪು. ಉಸಿರು ಕಟ್ಟಿ ಹೋದ, ಕೆಂಪು. ಬಚ್ಚಲಿಗೆ ಹೋಗಿ ಮುಖ ತೊಳೆದು, ಒದ್ದೆ ತಲೆಯಲ್ಲಿ, ಯಾರೂ ನೋಡದ ಹಾಗೆ ಹಿಂದಿನಿಂದ ಹೋದ. ಯಂತ್ರ ಈ ಸಲ ಅವನು ಬಾಗಿಲಲ್ಲಿರುವಾಗಲೇ ಗರ್ಜಿಸಿತು.

"ಭಾವ, ಅದಕ್ಕೆ ಸಿಟ್ಟು ಬರಿಸ್ಬೇಡಿ," ಎಂದಳು ಅನೌನ್ಸರನ ಹೆಂಡತಿ, ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡು.

ಆಗ ಬಾಗಿಲಲ್ಲಿ ಹೆಡ್‌ಮೇಡಂ ಕಾಣಿಸಿಕೊಂಡರು. "ಏನಿದು ಗಲಾಟೆ? ಬೆಕ್ಕು ಮೆಟ್ಟಿಲ ಮೇಲೆ ಸೀನ್ತಾ ಕೂತಿದೆ. ಕೊಡಿ ನಮ್ಮ ಯಂತ್ರ."

ಅನೌನ್ಸರನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಷಡ್ಡಕ ಒದ್ದೆ ಮುಖ ಎತ್ತಿದ. "ನಿಮ್ಮ ಯಂತ್ರವಾ?"

"ಮತ್ತಿನ್ಯಾರದು? ಗಾಳಿ ಶುದ್ಧ ಮಾಡೋ ಮಷೀನು. ಬೆಕ್ಕಿಗೆ ಅಂತ ಡಾಕ್ಟ್ರು ಹೇಳಿದ್ದು."

ಎಲ್ಲರೂ ಅನೌನ್ಸರನ ಕಡೆ ನೋಡಿದರು. ಇನ್ನು ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಅವನು ತನ್ನ ಸ್ವಂತ, ಸಣ್ಣ ದನಿಯಲ್ಲಿ ಹೇಳಿದ. "ಹೌದು. ಅವರು ಹೇಳೋದು ನಿಜ. ಅದು ಕನ್ಸೋಲ್ ಅಲ್ಲ. ಕನ್ಸೋಲ್ ಬಗ್ಗೆ ನನಗೇನೂ ಗೊತ್ತಿಲ್ಲ."

ಈ ದನಿಯನ್ನು ಮ್ಯಾನೇಜರು ಹಿಂದೆಂದೂ ಕೇಳಿರಲಿಲ್ಲ. ಅವರು ಅನೌನ್ಸರನನ್ನೂ ಮೇಡಮ್ಮನ್ನೂ ಬದಲಾಯಿಸಿ ಬದಲಾಯಿಸಿ ನೋಡಿ, ಮೆಲ್ಲಗೆ ನಕ್ಕು, ತುಟಿಯ ಮೇಲೆ ಬೆರಳಿಟ್ಟರು. "ಅರ್ಥ ಆಯ್ತು. ಗುಟ್ಟು ಹೊರಗೆ ಬಿಡಬಾರದು ಅಂತ ಕಂಪನಿಯವರು ಸಹಿ ಹಾಕಿಸ್ಕೊಂಡಿರ್ತಾರೆ. ಮೇಡಂ ಕೂಡ ಕಂಪನಿಯವರೇ."

"ನಾನು ಶಾಲೆಯವಳು ಕಣ್ರೀ!"

"ಆಗ್ಲಿ ಮೇಡಂ, ಆಗ್ಲಿ. ಬೆಕ್ಕಿಗೆ ಗಾಳಿ ಮಷೀನಂತೆ! ಎಷ್ಟು ಚೆನ್ನಾಗಿ ಯೋಚನೆ ಮಾಡಿದಾರೆ!"

ಷಡ್ಡಕ ಇಬ್ಬರ ಮಾತನ್ನೂ ಕೇಳಿದ. ಬೆಕ್ಕಿನ ಗಾಳಿಯಂತ್ರ ತನ್ನನ್ನು ಅತ್ತೆಯೆದುರು ಬೆಳಗಿಂದ ಸೋಲಿಸಿತು ಎಂದು ನಂಬಬೇಕು, ಇಲ್ಲವೇ ಜಗತ್ತಿನ ಅತ್ಯಾಧುನಿಕ ಕನ್ಸೋಲು ಸೋಲಿಸಿತು ಎಂದು ನಂಬಬೇಕು. ಮಾನ ಇರುವ ಯಾರೇ ಆದರೂ ಎರಡನೆಯದನ್ನೇ ಆರಿಸುತ್ತಿದ್ದರು. ಅವನು ಅಲ್ಲೇ ಮೊಬೈಲು ತೆಗೆದು ಕರಿಯದನ್ನು ರದ್ದು ಮಾಡಿ ಬಿಳಿಯದನ್ನು ಬುಕ್ ಮಾಡಿದ. ಮ್ಯಾನೇಜರೂ ಬಿಳಿಯದನ್ನೇ ಬುಕ್ ಮಾಡಿದರು.

ಬಿಡುಗಡೆಯ ದಿನ ಬಂತು, ಹೋಯಿತು. ಆಮೇಲೊಂದು ದಿನ, ನಮ್ಮವನ ವಾರದ ರಜೆಯ ಬೆಳಗ್ಗೆ, ಹೆಂಡತಿಯ ಅಕ್ಕ ಫೋನ್ ಮಾಡಿದಳು. "ನಿಮ್ಮ ಭಾವ ಸರ್ವಿಸ್ ಸೆಂಟರಲ್ಲಿ ಜಗಳ ಆಡ್ತಾ ಇದಾರಂತೆ. ನೀವು ಹೇಳಿದ್ರೆ ಕೇಳ್ತಾರೆ, ಸ್ವಲ್ಪ ಹೋಗಿ."

ಹೋದ. ಷಡ್ಡಕ ಹೊಸ ಬಿಳಿಯ ಕನ್ಸೋಲನ್ನು ಕೌಂಟರಿನ ಮೇಲಿಟ್ಟು ಗುದ್ದುತ್ತಿದ್ದ. ಆಚೆ ಬದಿಯ ಮೆಕ್ಯಾನಿಕ್ ತಲೆ ಕೆರೆದುಕೊಳ್ಳುತ್ತಿದ್ದ.

"ಸಾರ್, ಬಿಸಿ ಆಗ್ತಾ ಇದೆಯಾ?"

"ಇಲ್ಲ!"

"ಸದ್ದು ಮಾಡ್ತಾ ಇದೆಯಾ?"

"ಇಲ್ಲ ಅಂತಾನೇ ಹೇಳ್ತಾ ಇರೋದು! ನಾನು ಮುಂದೆ ಬಂದು ನಿಂತ್ರೂ ಸುಮ್ಮನೆ ಇರುತ್ತೆ. ಕೆಂಪಾಗಲ್ಲ, ಗರ್ಜಿಸಲ್ಲ. ನನ್ನನ್ನ ಲೆಕ್ಕಕ್ಕೇ ಇಟ್ಕೊಂಡಿಲ್ಲ!"

ಚೆನ್ನಾಗಿ ನಡೆಯುತ್ತಿದೆ ಎಂಬ ದೂರನ್ನು ಆ ಮೆಕ್ಯಾನಿಕ್ ತನ್ನ ಜನ್ಮದಲ್ಲಿ ಕೇಳಿರಲಿಲ್ಲ. ಅನೌನ್ಸರನಿಗೆ ಷಡ್ಡಕನನ್ನು ನೋಡಿ ನಗು ಬರಬೇಕಿತ್ತು, ಬರಲಿಲ್ಲ. ಟೈ ಕಟ್ಟಿಕೊಂಡ ಆ ದೊಡ್ಡ ಮನುಷ್ಯ ಎಲ್ಲರೆದುರು ನಗೆಪಾಟಲಾಗುತ್ತಿದ್ದ, ಅದೂ ತನ್ನ ಸುಳ್ಳಿನಿಂದ. ಅವನ ತೋಳು ಹಿಡಿದು ಬೆಂಚಿನ ಹತ್ತಿರ ಕರೆದುಕೊಂಡು ಹೋಗಿ ಕೂರಿಸಿದ.

"ಭಾವ, ಆವತ್ತು ನಾನು ಹೇಳಿದ್ದೇ ನಿಜ. ಅದು ಬೆಕ್ಕಿನ ಗಾಳಿ ಮಷೀನು. ಊಟದ ದಿನ ನಿಮ್ಮ ಮೇಲಿನ ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದ್ದೆ. ತಪ್ಪಾಯ್ತು."

ಷಡ್ಡಕ ಕೌಂಟರಿನ ಮೇಲಿದ್ದ ಕನ್ಸೋಲಿನ ಕಡೆ ತಿರುಗಿ ನೋಡಿದ. "ಮತ್ತೆ ನನ್ನ ಕಂಡ್ರೆ ಯಾಕೆ ಕೆಂಪಾಗ್ತಿತ್ತು?"

"ನಿಮ್ಮ ಸೆಂಟಿಗೆ. ಆಮೇಲೆ ಹೆಡ್‌ಮೇಡಂ ಹೇಳಿದ್ರು."

ಷಡ್ಡಕ ತನ್ನ ಅಂಗಿಯ ತೋಳನ್ನು ಮೂಸಿ ನೋಡಿಕೊಂಡ. ಈಗ ಹೊಡೆಯುತ್ತಾನೆ ಎಂದು ಅನೌನ್ಸರ್ ಕಣ್ಣು ಮುಚ್ಚಿದ. ಏಟು ಬೀಳಲಿಲ್ಲ. "ಮನೇಲಿ ಹೇಳ್ಬೇಡ ಮಾರಾಯ. ಅವಳೇ ಕೊಡಿಸಿದ್ದು," ಎಂದ ಷಡ್ಡಕ. ಆಮೇಲೆ ಕನ್ಸೋಲನ್ನು ಚೀಲಕ್ಕೆ ಹಾಕುತ್ತ, ನೆಲ ನೋಡಿಕೊಂಡು ಸೇರಿಸಿದ. "ಎರಡು ರಿಮೋಟ್ ಕೊಟ್ಟಿದಾರೆ. ಒಂದರ ಕವರ್ ಇನ್ನೂ ಬಿಚ್ಚಿಲ್ಲ. ನಮ್ಮನೇಲಿ ಯಾರೂ ನನ್ನ ಜೊತೆ ಆಡಲ್ಲ. ನಾನು ಮಾತು ಜಾಸ್ತಿ ಅಂತೆ."

"ಬನ್ನಿ ಭಾವ, ನಾನು ಆಡ್ತೀನಿ," ಎಂದ ಅನೌನ್ಸರ್.

ಹೋಗಿ ಹಾಕಿದ್ದು ಕಾರು ಓಡಿಸುವ ಪಂದ್ಯ. ಆನ್‌ಲೈನಿನಲ್ಲಿ ಯಾರು ಯಾರೋ ಅಪರಿಚಿತರು ಜೊತೆಗೂಡಿದರು. ಷಡ್ಡಕರಿಬ್ಬರೂ ಮೊದಲ ತಿರುವಿನಲ್ಲೇ ಹಳ್ಳಕ್ಕೆ ಬಿದ್ದರು. ಎದ್ದರು, ಮತ್ತೆ ಬಿದ್ದರು. ಒಂದು ಹಳದಿ ಕಾರು ಬೇಕೆಂದೇ ಇವರನ್ನು ಒತ್ತಿ ಒತ್ತಿ ಬೀಳಿಸುತ್ತಿತ್ತು. ಅದನ್ನು ಓಡಿಸುತ್ತಿದ್ದವನ ಅಟ್ಟಹಾಸ ಟೀವಿಯಿಂದ ಕೇಳಿಬಂತು. "ಸರೀರೋ ಪಕ್ಕಕ್ಕೆ! ಯಾವ ಡಿಪೋದಲ್ಲಿ ಕಲಿತ್ರೋ ಗಾಡಿ ಓಡ್ಸೋದು?"

ಅನೌನ್ಸರನ ಕೈಯಿಂದ ರಿಮೋಟು ಜಾರಿತು. ಬೆನ್ನು ಹಿಡಿದುಕೊಂಡಿದೆ, ಹಾಸಿಗೆಯಿಂದ ಏಳಲಾರೆ ಎಂದು ಹಿಂದಿನ ದಿನವಷ್ಟೇ ರಜೆಯ ಅರ್ಜಿ ಕಳಿಸಿದ್ದ ಡಿಪೋ ಮ್ಯಾನೇಜರ ದನಿ ಅದು!

"ಭಾವ, ಅದು ನಮ್ಮ ಸಾಹೇಬರು," ಎಂದು ಷಡ್ಡಕನ ಕಿವಿಯಲ್ಲಿ ಉಸುರಿದ. "ನನ್ನ ದನಿ ಕೇಳಿದ್ರೆ ಕೆಟ್ಟೆ."

ಷಡ್ಡಕನ ಮುಖ ಅರಳಿತು. ಬಗ್ಗಿ ರಿಮೋಟು ಎತ್ತಿ ಅನೌನ್ಸರನ ಕೈಗೆ ಕೊಟ್ಟ. "ನೀನು ಬಾಯಿ ಮುಚ್ಕೊಂಡು ಗುದ್ದು. ಮಾತೆಲ್ಲ ನಾನು ನೋಡ್ಕೋತೀನಿ."

ಅವರಿಬ್ಬರ ಸಂಬಂಧದಲ್ಲಿ ಇಂಥ ಒಳ್ಳೆಯ ಒಪ್ಪಂದ ಹಿಂದೆ ಆಗಿರಲಿಲ್ಲ. ಷಡ್ಡಕ ಬೈಯುವ ಕೆಲಸ ವಹಿಸಿಕೊಂಡ. ಅನೌನ್ಸರ್ ತುಟಿ ಕಚ್ಚಿಕೊಂಡು, ತನಗೆ ರಜೆ ಸಿಗದ ಪ್ರತಿಯೊಂದು ದಿನವನ್ನೂ ನೆನೆಸಿಕೊಂಡು, ಹಳದಿ ಕಾರನ್ನು ಹಳ್ಳಕ್ಕೆ, ಕೆರೆಗೆ, ಹುಲ್ಲಿನ ಬಣವೆಗೆ, ಒಮ್ಮೆ ಸೇತುವೆಯ ಮೇಲಿಂದ ಕೆಳಕ್ಕೆ ತಳ್ಳಿದ. ಅಟ್ಟಹಾಸ ಕಡಿಮೆಯಾಯಿತು, ಆಮೇಲೆ ಬೈಗುಳವಾಯಿತು, ಕೊನೆಗೆ ನಿಂತೇಹೋಯಿತು. ಒಳಗಿನಿಂದ ಬಂದ ಹೆಂಡತಿಯ ಅಕ್ಕ, ಇಬ್ಬರು ಷಡ್ಡಕರು ನೆಲದ ಮೇಲೆ ಹೆಗಲಿಗೆ ಹೆಗಲು ಒರಗಿಸಿ ನಗುತ್ತಿರುವುದನ್ನು ಕಂಡು, ಯಾರಿಗೋ ಏನೋ ಆಗಿದೆ ಎಂದು ತಂಗಿಗೆ ಫೋನ್ ಮಾಡಿದಳು.

ಮರುದಿನ ಮ್ಯಾನೇಜರು ಒಂದು ಕೈ ಸೊಂಟದ ಮೇಲಿಟ್ಟುಕೊಂಡು ನಿಧಾನವಾಗಿ ಗಾಜಿನ ಗೂಡಿಗೆ ಬಂದರು. ಕಣ್ಣು ಕೆಂಪಗಿತ್ತು.

"ಬೆನ್ನು ಹೇಗಿದೆ ಸಾರ್?" ಎಂದು ಅನೌನ್ಸರ್ ವಿಚಾರಿಸಿದ.

"ಅದಿರ್ಲಿ ಬಿಡಿ," ಎಂದರು ಮ್ಯಾನೇಜರು. ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಯಂತ್ರ ನೀವು ಹೇಳಿದ ಹಾಗೇ ಇದೆ ಕಣ್ರೀ. ಬಿಸಿ ಇಲ್ಲ, ಸದ್ದಿಲ್ಲ, ಒಂದು ಕೊರತೆ ಇಲ್ಲ. ಆದ್ರೆ ಆನ್‌ಲೈನ್ ಸೇವೆ ಮಾತ್ರ ಸ್ವಲ್ಪಾನೂ ಸರಿ ಇಲ್ಲ, ನಿಮ್ಮ ಕಂಪನಿಯವರಿಗೆ ಹೇಳಿ. ಎಂಥೆಂಥವರನ್ನೋ ಒಳಗೆ ಬಿಡ್ತಾರೆ."